ಟೊಮೆಟೊ ಬೂಷ್ಟಿಗೆ ಅಂಟು, ಲೋಳೆಸರ, ಕೈಟೋಸಾನ್, ಮೇಣ: ನಾಲ್ಕನ್ನೂ ಹಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಟಿನ ಕಡೆಯವಳು. ಅಂಟಿನುಂಡೆಗೆ ತುಪ್ಪದಲ್ಲಿ ಅರಳಿಸಿ ಹಾಕುತ್ತೇವಲ್ಲ, ಅದೇ ಅಂಟು. ಅದನ್ನು ನೀರಲ್ಲಿ ಕರಗಿಸಿ ಟೊಮೆಟೊಗೆ ಸವರಿದರೆ ಬೂಷ್ಟು ತಡವಾಗಿ ಬರುತ್ತದೆ, ಹಣ್ಣು ಗಟ್ಟಿಯಾಗಿ ಉಳಿಯುತ್ತದೆ. ಲೋಳೆಸರ, ಸೀಗಡಿ ಚಿಪ್ಪಿನಿಂದ ಮಾಡುವ ಕೈಟೋಸಾನ್ ಪುಡಿ, ಮೇಣ ಇವನ್ನೂ ಹಚ್ಚಿ ನೋಡಿದ್ದೇನೆ. ಬರೀ ಬೂಷ್ಟು ತಡೆಯುವ ಲೆಕ್ಕ ಹಿಡಿದರೆ ಕೈಟೋಸಾನ್ ಒಂದು ಕೈ ಮೇಲೇ. ಆದರೂ ನನ್ನ ಅಡುಗೆಮನೆಯಲ್ಲಿ ಉಳಿದದ್ದು ಅಂಟು.

ಕೋಲಾರದಲ್ಲಿ ನಮ್ಮದು ಚಿಕ್ಕ ಸಸ್ಯಾಹಾರಿ ಮೆಸ್. ಕಾಲೇಜು ಹುಡುಗರು, ಒಂದಿಷ್ಟು ಕೆಲಸದವರು ಸೇರಿ ದಿನಕ್ಕೆ 60 ಊಟ. ಸಾರು, ಗೊಜ್ಜು, ಚಟ್ನಿ ಎಲ್ಲಾ ಸೇರಿ ದಿನಕ್ಕೆ ಏಳು ಕೆಜಿ ಟೊಮೆಟೊ ಬೇಕು. ಊರಲ್ಲೇ ಎಪಿಎಂಸಿ ಇದೆ. ಅಲ್ಲಿ 15 ಕೆಜಿಯ ಬಾಕ್ಸ್ ಲೆಕ್ಕ, ನಮಗೆ ಎರಡು ದಿನಕ್ಕೊಂದು ಬಾಕ್ಸ್. ಮಾರುಕಟ್ಟೆ ಇಷ್ಟು ಹತ್ತಿರ ಇದ್ದೂ ಕೂಡಿಡುವ ಗೋಜು ಯಾಕೆ ಅಂತ ಕೇಳಬಹುದು. ಟೊಮೆಟೊ ರೇಟು ಒಂದು ಕಡೆ ನಿಲ್ಲುವುದಿಲ್ಲ. ಕಿತ್ತ ಕೂಲಿಯೂ ಹುಟ್ಟದೆ ರೈತರು ರಸ್ತೆ ಬದಿಯಲ್ಲಿ ಸುರಿದು ಹೋಗುವುದನ್ನೂ ನೋಡಿದ್ದೇವೆ. 2023ರ ಜುಲೈಯಲ್ಲಿ ಅದೇ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ. ಆ ತಿಂಗಳು ನಮ್ಮ ಸಾರಿಗೆ ಹುಣಸೆಹಣ್ಣೇ ಗತಿ ಆಯಿತು. ಅವತ್ತಿನಿಂದ ರೇಟು ಏರುವ ಸುಳಿವು ಸಿಕ್ಕಿದರೆ ಐದಾರು ಬಾಕ್ಸ್ ಒಟ್ಟಿಗೆ ತಂದಿಡುವುದು ರೂಢಿಯಾಯಿತು.

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಹಾಗೇ ಆರು ಬಾಕ್ಸ್ ತಂದೆ. ಐದನೇ ದಿನ ಉಗ್ರಾಣದ ಬಾಗಿಲು ತೆಗೆದರೆ ಹುಳಿ ವಾಸನೆ. ಮೇಲಿನ ಸಾಲಿನ ಹಣ್ಣು ನೋಡಲು ಚೆನ್ನಾಗೇ ಇತ್ತು. ಎರಡು ಸಾಲು ಎತ್ತಿದ ಮೇಲೆ ಕಂಡಿತು. ಒಂದೇ ಒಂದು ಹಣ್ಣು ತೊಟ್ಟಿನ ಹತ್ತಿರ ಸೀಳಿ, ಅಲ್ಲಿಂದ ಹತ್ತಿ ಎಳೆದ ಹಾಗೆ ಬಿಳಿ ನೂಲು ಎದ್ದಿತ್ತು. ನೂಲಿನ ತುದಿಯಲ್ಲಿ ಗುಂಡುಸೂಜಿ ತಲೆಯಷ್ಟೂ ಇಲ್ಲದ ಕಪ್ಪು ಚುಕ್ಕಿಗಳು. ಆ ಹಣ್ಣಿನ ರಸ ಸೋರಿ, ಸುತ್ತಲಿನ ಏಳೆಂಟು ಹಣ್ಣು ಒದ್ದೆಯಾಗಿ, ಮುಟ್ಟಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಒಂದು ಹಣ್ಣಿಂದ ಅರ್ಧ ಬಾಕ್ಸ್. ಹತ್ತು ದಿನ ಕಳೆಯುವಷ್ಟರಲ್ಲಿ ಆರು ಬಾಕ್ಸಿನಲ್ಲಿ ಹತ್ತಿರ ಹತ್ತಿರ ಎರಡು ಬಾಕ್ಸ್ ಹಸುವಿನ ಪಾಲಾಯಿತು.

ಹಾಗೆ ಹತ್ತಿಯಂತೆ ಬರುವುದು ರೈಜೋಪಸ್ ಅನ್ನೋ ಬೂಷ್ಟು. ಗಾಯ ಸಿಕ್ಕರೆ ಸಾಕು, ಒಳಗೆ ಹೋಗಿ ಎರಡು ಮೂರು ದಿನದಲ್ಲಿ ಹಣ್ಣನ್ನು ನೀರು ಮಾಡುತ್ತದೆ, ಪಕ್ಕದ ಹಣ್ಣಿಗೂ ನೂಲು ಚಾಚುತ್ತದೆ. ಇನ್ನೊಂದು ಆಲ್ಟರ್ನೇರಿಯಾ. ಅದು ತೊಟ್ಟಿನ ಸುತ್ತ ಕರಿ ಕಲೆಯಾಗಿ, ಸ್ವಲ್ಪ ತಗ್ಗಾಗಿ, ನಿಧಾನವಾಗಿ ಬರುತ್ತದೆ. ಹುಳಿ ವಾಸನೆಯದ್ದು ಮೂರನೆಯದು, ಅದನ್ನು ಸಣ್ಣ ಹಣ್ಣುನೊಣಗಳು ಕಾಲಿಗೆ ಅಂಟಿಸಿಕೊಂಡು ಬಂದು ಹರಡುತ್ತವೆ. ಮೂರೂ ಹೆಚ್ಚಾಗಿ ಶುರುವಾಗುವುದು ತೊಟ್ಟಿನ ಗುಳಿಯಲ್ಲಿ. ಟೊಮೆಟೊ ಸಿಪ್ಪೆಗೆ ಎಲೆಗಿರುವ ಹಾಗೆ ಉಸಿರಾಡುವ ರಂಧ್ರಗಳಿಲ್ಲ. ಹಣ್ಣು ಉಸಿರಾಡುವುದು ಬಹುಪಾಲು ಆ ತೊಟ್ಟು ಕಿತ್ತ ಗಾಯದಿಂದಲೇ. ನೀರು ಆರಿಹೋಗುವುದೂ ಅಲ್ಲಿಂದ, ಬೂಷ್ಟು ಒಳಗೆ ಬರುವುದೂ ಅಲ್ಲಿಂದ. ಈ ಒಂದು ಮಾತು ನೆನಪಿದ್ದರೆ ಮುಂದೆ ಬರೆಯುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಫ್ರಿಜ್‌ನಲ್ಲಿ ಇಡಬಹುದಲ್ವಾ ಅಂದರೆ, ಆರು ಬಾಕ್ಸ್ ಹಿಡಿಯುವ ಫ್ರಿಜ್ ನಮ್ಮಲ್ಲಿಲ್ಲ. ಇದ್ದರೂ ಟೊಮೆಟೊಗೆ 12 ಡಿಗ್ರಿಗಿಂತ ಕೆಳಗಿನ ಚಳಿ ಆಗುವುದಿಲ್ಲ. ಪೂರ್ತಿ ಹಣ್ಣಾಗದೆ ಇರುವುದನ್ನು ಹಾಗೆ ಇಟ್ಟು ಹೊರಗೆ ತೆಗೆದರೆ ಕರಿ ಕಲೆ ಇನ್ನೂ ಬೇಗ ಹತ್ತುತ್ತದೆ.

ಪ್ರಯೋಗಕ್ಕೆ ಒಂದೇ ರೈತರ, ಒಂದೇ ದಿನ ಕಿತ್ತ, ದಪ್ಪ ಸಿಪ್ಪೆಯ ಹೈಬ್ರಿಡ್ ಹಣ್ಣು ತಂದೆ. ಕೆಂಪಾಗಿದ್ದಲ್ಲ, ದೋರಗಾಯಿ. ಸೀಳಿದ್ದು, ಉಗುರು ತಾಗಿದ್ದು, ಹುಳ ಕೊರೆದದ್ದು ಎಲ್ಲಾ ತೆಗೆದುಹಾಕಿದೆ. ಒಂದೊಂದು ಬಗೆಗೆ 25 ಹಣ್ಣು, ಜೊತೆಗೆ ಏನೂ ಹಚ್ಚದ 25. ಒಂದೇ ಉಗ್ರಾಣದಲ್ಲಿ, ಬಿದಿರು ತಟ್ಟೆಗಳ ಮೇಲೆ 12 ದಿನ. ಬೇಸಿಗೆಯಲ್ಲಿ ಒಂದು ಸಲ, ಅಕ್ಟೋಬರ್ ಮಳೆಯಲ್ಲಿ ಇನ್ನೊಂದು ಸಲ. ನಾಟಿ ಟೊಮೆಟೊ ಮೇಲೂ ಮಾಡಿ ನೋಡಿದೆ. ಅದರ ಸಿಪ್ಪೆ ತೀರಾ ತೆಳು, ಏನು ಹಚ್ಚಿದರೂ ನಾಲ್ಕನೇ ದಿನಕ್ಕೆ ಮೆತ್ತಗಾಗುತ್ತದೆ. ನಾಟಿಯನ್ನು ಅವತ್ತವತ್ತೇ ತಂದು ಅವತ್ತೇ ಸಾರಿಗೆ ಹಾಕಿ.

ಮೇಣದ ವಿಷಯ ಬೇಗ ಮುಗಿಸುತ್ತೇನೆ. ಹಣ್ಣಿಗೆ ಮೇಣ ಹಚ್ಚುವುದು ನಮಗೆ ಹೊಸದಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ನೀರಿನಲ್ಲಿ ಬೆರೆಯುವ ಮೇಣವನ್ನು ದಶಕಗಳ ಹಿಂದೆಯೇ ಮಾಡಿಕೊಟ್ಟಿದ್ದರು. ಎಫ್‌ಎಸ್‌ಎಸ್‌ಎಐ ಅನ್ನೋ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯ ನಿಯಮದಲ್ಲೂ ತಾಜಾ ಹಣ್ಣು ತರಕಾರಿಗೆ ಜೇನುಮೇಣ, ಕಾರ್ನೌಬಾ ಅನ್ನೋ ತಾಳೆ ಜಾತಿ ಎಲೆಯ ಮೇಣ, ಅರಗಿನ ಮೇಣ ಹೆಸರು ಹಿಡಿದು ಒಪ್ಪಿದ್ದಾರೆ, ಹಚ್ಚಿ ಮಾರಿದರೆ ಲೇಬಲ್ ಮೇಲೆ ಹೇಳಬೇಕು. ನಾನು ಕಾರ್ನೌಬಾ ಮೇಣದ ಚಿಕ್ಕ ಡಬ್ಬಿ ತರಿಸಿದೆ. ಹೊಳಪು ಬಂತು. ಸುಕ್ಕು ಬೀಳಲೇ ಇಲ್ಲ. ಆದರೆ ಬೂಷ್ಟು ಹೆಚ್ಚು ಕಮ್ಮಿ ಬರೀ ಹಣ್ಣಿಗೆ ಬಂದಷ್ಟೇ ಬಂತು. ಮೇಣ ನೀರು ಹಿಡಿದಿಡುತ್ತದೆ, ಬೂಷ್ಟನ್ನು ಕೊಲ್ಲುವುದಿಲ್ಲ. ದಪ್ಪ ಕೂತ ಹಣ್ಣಿಗೆ ಉಸಿರು ಕಟ್ಟಿ, ಕೊಯ್ದಾಗ ಹೆಂಡದಂಥ ವಾಸನೆ. ಸಾರು ಕುದಿಸಿದರೆ ಮೇಲೆ ಸಣ್ಣ ಪದರ ತೇಲಿತು. ಸೇಬು ಮಾರುವವರಿಗೆ ಸರಿ, ಮೆಸ್‌ಗೆ ಬೇಡ.

ಲೋಳೆಸರ ನೋಡಿ ನನಗೆ ತುಂಬಾ ಆಸೆ ಆಗಿತ್ತು. ಹಿತ್ತಲಲ್ಲೇ ಬೆಳೆದಿದೆ, ದುಡ್ಡಿಲ್ಲ. ಸ್ಪೇನ್ ದೇಶದವರು 2005ರಲ್ಲೇ ದ್ರಾಕ್ಷಿಗೆ ಹಚ್ಚಿ ಒಳ್ಳೇ ಫಲ ಕಂಡಿದ್ದಾರೆ ಅಂತ ಓದಿದ್ದೆ. ಎಲೆ ಕಡಿದು ಬುಡ ಕೆಳಗೆ ಮಾಡಿ ಲೋಟದಲ್ಲಿ ನಿಲ್ಲಿಸಬೇಕು. ಅರ್ಧ ಗಂಟೆಯಲ್ಲಿ ಹಳದಿ ರಸ ಇಳಿಯುತ್ತದೆ. ಅದು ಕಹಿ, ಹೊಟ್ಟೆಗೆ ಹೋದರೆ ಭೇದಿ. ಆಮೇಲೆ ಸಿಪ್ಪೆ ಹೆರೆದು, ಲೋಳೆಯನ್ನು ಮಿಕ್ಸಿಗೆ ಹಾಕಿ, ನೊರೆ ತೆಗೆದು, ಸೋಸಿ, ಬಿಸಿ ಮಾಡಿ, ಆರಿಸಿ, ನಿಂಬೆರಸ ಹಿಂಡಬೇಕು. ಒಂದು ಬಾಕ್ಸ್ ಹಣ್ಣಿಗೆ ಎಂಟು ಎಲೆ ಬೇಕಾಯಿತು. ಬಿಸಿ ಮಾಡದೆ ಬಿಟ್ಟರೆ ಮರುದಿನವೇ ನೀರಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹಣ್ಣು ಉಳಿಯಿತು, ಸುಳ್ಳು ಹೇಳುವುದಿಲ್ಲ. ಒಣಗಿದ ಮೇಲೆ ಅಂಟಂಟು ಇಲ್ಲ, ಬಣ್ಣವೂ ಚೆಂದ. ಆದರೆ ಮೊದಲ ಸಲ ಒಂದು ಎಲೆಯ ಹಳದಿ ಪೂರ್ತಿ ಇಳಿದಿರಲಿಲ್ಲ ಅಂತ ಕಾಣುತ್ತದೆ. ಅವತ್ತಿನ ಚಟ್ನಿ ನಾಲಿಗೆ ತುದಿಗೆ ಕಹಿ ಹತ್ತಿತು. ಬಡಿಸುವ ಮುಂಚೆ ನಾನೇ ರುಚಿ ನೋಡಿದ್ದರಿಂದ ಚೆಲ್ಲಿದೆ. ನಾಲ್ಕು ಜನರ ಮನೆಯಾದರೆ ಎಲೆ ಎಲೆ ನೋಡಿ ಮಾಡಬಹುದು. 60 ಜನ ನಂಬಿ ಊಟಕ್ಕೆ ಕೂರುವ ಜಾಗದಲ್ಲಿ ಆ ಅಪಾಯ ನಾನು ತೆಗೆದುಕೊಳ್ಳುವುದಿಲ್ಲ.

ಈಗ ಕೈಟೋಸಾನ್. ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಬಿಳಿ ಪುಡಿ ಇದು. ಕೆನಡಾದ ಲವಾಲ್ ವಿಶ್ವವಿದ್ಯಾಲಯದವರು 1992ರಲ್ಲೇ ಟೊಮೆಟೊಗೆ ಹಚ್ಚಿ ತೋರಿಸಿದ್ದರು, ಶೇ. 1 ಮತ್ತು ಶೇ. 2ರ ದ್ರಾವಣ. ಇದು ಬೂಷ್ಟನ್ನು ನೇರವಾಗಿಯೇ ಹೊಡೆಯುತ್ತದೆ. ಹುಳಿ ನೀರಲ್ಲಿ ಕರಗಿದಾಗ ಇದಕ್ಕೆ ಧನ ವಿದ್ಯುದಂಶ ಬರುತ್ತದೆ, ಬೂಷ್ಟಿನ ಕೋಶದ ಹೊದಿಕೆ ಋಣ. ಎರಡೂ ಅಂಟಿಕೊಂಡು ಹೊದಿಕೆ ಸಡಿಲವಾಗಿ ಒಳಗಿನದ್ದು ಸೋರಿಹೋಗುತ್ತದೆ. ಹಣ್ಣಿನ ಸ್ವಂತ ರಕ್ಷಣೆಯನ್ನೂ ಇದು ಎಬ್ಬಿಸುತ್ತದೆ.

ಬರೀ ನೀರಲ್ಲಿ ಇದು ಕರಗುವುದಿಲ್ಲ. ನಾನು ಗೊತ್ತಿಲ್ಲದೆ ಬಿಸಿನೀರಿಗೆ ಹಾಕಿ ಒಂದು ಗಂಟೆ ತಿರುಗಿಸಿದೆ, ರವೆ ಹಾಗೆ ತಳದಲ್ಲೇ ಕೂತಿತ್ತು. ಬಿಳಿ ವಿನೆಗರ್ ಬೇಕು. ಅಂಗಡಿಯ ವಿನೆಗರ್‌ನಲ್ಲಿ ಆಮ್ಲ ಶೇ. 4ರಷ್ಟು ಇರುತ್ತದೆ, ಒಂದು ಪಾಲು ವಿನೆಗರ್‌ಗೆ ಮೂರು ಪಾಲು ನೀರು ಹಾಕಿದರೆ ಸರಿಹೋಗುತ್ತದೆ. ಲೀಟರಿಗೆ ಹತ್ತು ಗ್ರಾಂ ಪುಡಿ, ರಾತ್ರಿ ಇಡೀ ನೆನೆಸಿ ಬೆಳಿಗ್ಗೆ ಕಡೆದರೆ ಗಂಜಿ ತಿಳಿಯ ಹಾಗೆ ಆಗುತ್ತದೆ. ಒಣಗಿದ ಮೇಲೆ ವಿನೆಗರ್ ವಾಸನೆ ಹೋಗುತ್ತದೆ. ಫಲ ಮಾತ್ರ ಗಟ್ಟಿ. ಬೇಸಿಗೆಯಲ್ಲಿ 25ಕ್ಕೆ ಎರಡೇ ಹಣ್ಣು ಕೆಟ್ಟಿತು, ಮಳೆಯಲ್ಲಿ ಮೂರು.

ಆದರೂ ಬಿಟ್ಟೆ. ನಮ್ಮ ಬಾಗಿಲ ಮೇಲೆ ಶುದ್ಧ ಸಸ್ಯಾಹಾರಿ ಅಂತ ಬರೆದಿದ್ದೇವೆ. ಅದನ್ನು ಓದಿಕೊಂಡು ಬರುವವರ ತಟ್ಟೆಗೆ ಸೀಗಡಿ ಚಿಪ್ಪಿನ ಪದರ ಇರುವ ಹಣ್ಣು ಹೋಗಬಾರದು. ತೊಳೆದರೆ ಆಯ್ತಲ್ಲ ಅನ್ನಬಹುದು. ಒಣಗಿದ ಕೈಟೋಸಾನ್ ಬರೀ ನೀರಿಗೆ ಪೂರ್ತಿ ಬಿಡುತ್ತದೆ ಅನ್ನುವ ಭರವಸೆ ಇಲ್ಲ. ಸೀಗಡಿ ಆಗದವರಿಗೆ ಅಲರ್ಜಿಯ ಮಾತೂ ಇದೆ. ಅಣಬೆ ಜಾತಿಯಿಂದ ತೆಗೆದ ಕೈಟೋಸಾನ್ ಸಿಗುತ್ತದೆ, ನಾನು ವಿಚಾರಿಸಿದಾಗ ಅದರ ಬೆಲೆ ನನ್ನ ಕೈಗೆ ಎಟುಕಲಿಲ್ಲ. ಇನ್ನೊಂದು, ನನಗೆ ಬಂದ ಪೊಟ್ಟಣದ ಮೇಲೆ ಆಹಾರಕ್ಕೋ ಗಿಡಕ್ಕೋ ಅಂತ ಬರೆದೇ ಇರಲಿಲ್ಲ. ಮಾರಿದವರಿಗೆ ಎರಡು ಸಲ ಕೇಳಿದರೂ ನೇರ ಉತ್ತರ ಬರಲಿಲ್ಲ. ಕೈಟೋಸಾನ್ ಹಚ್ಚಿದ ಒಂದು ಹಣ್ಣನ್ನೂ ನಾನು ಅಡುಗೆಗೆ ಹಾಕಲೇ ಇಲ್ಲ.

ಹೀಗಾಗಿ ಅಂಟು. ಇದರಲ್ಲೂ ಮೊದಲ ಸಲ ದುಡ್ಡು ನೀರಿಗೆ ಹೋಯಿತು. ಗ್ರಂಧಿಗೆ ಅಂಗಡಿಯಲ್ಲಿ ಅಂಟು ಕೊಡಿ ಅಂದೆ. ಅವರು ಕೊಟ್ಟಿದ್ದು ಬಾದಾಮಿ ಗೋಂದು. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಪಾತ್ರೆ ತುಂಬಾ ಐಸ್ ತುಂಡಿನಂಥ ಲೋಳೆ! ಬೇಸಿಗೆಯಲ್ಲಿ ಹಾಲಿಗೆ ಹಾಕಿ ಕುಡಿಯಲು ಅದು ಚೆನ್ನ, ಆದರೆ ಉಬ್ಬುತ್ತದೆಯೇ ಹೊರತು ಕರಗುವುದಿಲ್ಲ. ಹಣ್ಣಿಗೆ ಹಚ್ಚಿದರೆ ಮುದ್ದೆ ಮುದ್ದೆ ಕೂರುತ್ತದೆ. ಬೇಕಾದದ್ದು ಜಾಲಿ ಜಾತಿ ಮರದ ಅಂಟು, ಉಂಡೆಗೆ ಹಾಕುವಂಥದ್ದು. ಗುರುತು ಸುಲಭ. ಒಂದು ಹರಳನ್ನು ಲೋಟ ಬೆಚ್ಚಗಿನ ನೀರಿಗೆ ಹಾಕಿಡಿ. ಬೆಳಿಗ್ಗೆ ಹೊತ್ತಿಗೆ ಪೂರ್ತಿ ಕರಗಿ ನೀರು ತಿಳಿ ಕಂದು ಆಗಿದ್ದರೆ ಅದೇ. ಉಬ್ಬಿ ಕೂತಿದ್ದರೆ ವಾಪಸ್ ಕೊಡಿ.

ಅಳತೆ ನನ್ನದಲ್ಲ. ಮಲೇಷ್ಯಾದವರು ಟೊಮೆಟೊಗೆ ಅರಬ್ ಗೋಂದು ಹಚ್ಚಿ ನೋಡಿ 2010ರಲ್ಲಿ ಪ್ರಕಟಿಸಿದ್ದಾರೆ. ಶೇ. 5, 10, 15, 20 ಎಲ್ಲಾ ನೋಡಿ, ಶೇ. 10 ಸರಿ ಅಂದರು. 20 ಡಿಗ್ರಿ ಶಾಖದಲ್ಲಿ ಅವರ ಹಣ್ಣು 20 ದಿನ ನಿಂತಿತ್ತು. ಅದಕ್ಕಿಂತ ದಪ್ಪ ಮಾಡಿದರೆ ಹಣ್ಣು ಸರಿಯಾಗಿ ಮಾಗದೆ ರುಚಿ ಕೆಡುತ್ತದೆ. ಅರಬ್ ಗೋಂದೂ ಜಾಲಿ ಜಾತಿ ಮರದ್ದೇ. ಹಾಗಾಗಿ ನಾನು ಲೀಟರ್ ನೀರಿಗೆ 100 ಗ್ರಾಂ ಅಂಟು ಹಾಕುತ್ತೇನೆ. ಒರಳಲ್ಲಿ ಕುಟ್ಟಿ, ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಸಿ, ಬೆಳಿಗ್ಗೆ ಪಂಚೆ ಬಟ್ಟೆಯಲ್ಲಿ ಸೋಸುತ್ತೇನೆ. ತೊಗಟೆ ಚೂರು, ಮರಳು ಇದ್ದೇ ಇರುತ್ತದೆ. ಒಂದು ಕುದಿ ಬರಿಸಿ ಆರಲು ಬಿಡುತ್ತೇನೆ, ಪೂರ್ತಿ ತಣ್ಣಗಾಗಲು ಬಿಡುವುದಿಲ್ಲ. ಬಿಸಿಲಲ್ಲಿ ಬಂದ ಹಣ್ಣನ್ನು ತಣ್ಣನೆಯ ನೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರಿನ ಜೊತೆ ಬೂಷ್ಟೂ ಒಳಗೆ ಹೋಗುತ್ತದೆ. ತೊಳೆಯುವ ನೀರಾಗಲಿ, ಹಚ್ಚುವ ನೀರಾಗಲಿ ಹಣ್ಣಿಗಿಂತ ಐದಾರು ಡಿಗ್ರಿ ಬೆಚ್ಚಗಿರಬೇಕು.

ಅಂಟು ಬೂಷ್ಟನ್ನು ಕೊಲ್ಲುವುದಿಲ್ಲ. ಹಣ್ಣಿನ ಉಸಿರಾಟ ನಿಧಾನ ಮಾಡುತ್ತದೆ, ಮಾಗುವುದು ತಡವಾಗುತ್ತದೆ. ಕಾಯಿ ಗಟ್ಟಿ ಇರುವವರೆಗೆ ತಾನೇ ಬೂಷ್ಟನ್ನು ತಡೆದುಕೊಳ್ಳುತ್ತದೆ. ಹೊಲದಲ್ಲೇ ಸಿಪ್ಪೆಗೆ ಹತ್ತಿ ಸುಮ್ನೆ ಕೂತಿರುವ ಬೂಷ್ಟು ಹಣ್ಣು ಮೆತ್ತಗಾಗುವುದನ್ನೇ ಕಾಯುತ್ತಿರುತ್ತದೆ. ಅದಕ್ಕೇ ದೋರಗಾಯಿಗೆ ಹಚ್ಚಬೇಕು. ಕೆಂಪು ಹಣ್ಣಿಗೆ ಹಚ್ಚಿದರೆ ಕೈಗೆ ಕೆಲಸ ಅಷ್ಟೇ. ಬೇಸಿಗೆಯಲ್ಲಿ ಏನೂ ಹಚ್ಚದ 25ರಲ್ಲಿ 9 ಕೆಟ್ಟವು. ಮೇಣದಲ್ಲಿ 7, ಲೋಳೆಸರದಲ್ಲಿ 5, ಅಂಟಿನಲ್ಲಿ 3. ಹನ್ನೆರಡನೇ ದಿನವೂ ಅಂಟಿನ ಹಣ್ಣು ಕೊಯ್ದರೆ ರಸ ಚೆಲ್ಲದೆ ಹೋಳು ನೆಟ್ಟಗೆ ನಿಲ್ಲುತ್ತಿತ್ತು. ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಬೆಚ್ಚಗಿನ ನೀರಲ್ಲಿ ಕೈಯಾಡಿಸಿದರೆ ಪದರ ಪೂರ್ತಿ ಬಿಟ್ಟುಹೋಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಊಟಕ್ಕೆ ಹೋಗುವುದು ಬರೀ ಟೊಮೆಟೊ.

ಇಷ್ಟು ಹೊಗಳಿದ ಮೇಲೆ ಅಕ್ಟೋಬರ್ ಕಥೆ ಹೇಳಲೇಬೇಕು.

ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹೋದ ಅಕ್ಟೋಬರ್‌ನಲ್ಲಿ ನಾಲ್ಕು ದಿನ ಮೋಡ ಮುಚ್ಚಿಕೊಂಡೇ ಇತ್ತು. ಬೇಸಿಗೆಯಲ್ಲಿ ಮಾಡಿದ ಹಾಗೇ ಹಣ್ಣನ್ನು ಬುಟ್ಟಿಯಲ್ಲಿಟ್ಟು ಅಂಟಿನ ನೀರಿಗೆ ಅದ್ದಿ, ತೆಗೆದು, ತಟ್ಟೆಯಲ್ಲಿ ಹರಡಿದೆ. ಬೇಸಿಗೆಯಲ್ಲಿ ಮುಕ್ಕಾಲು ಗಂಟೆಗೆ ಒಣಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಈ ಸಲ ಮೂರು ಗಂಟೆ ಆದರೂ ಬೆರಳಿಟ್ಟರೆ ಎಳೆ ಬರುತ್ತಿತ್ತು. ಅಂಟಿಗೆ ಗಾಳಿಯ ತೇವ ಎಳೆದುಕೊಳ್ಳುವ ಗುಣ. ಒಣಗಿದ್ದೂ ರಾತ್ರಿ ಮತ್ತೆ ಜಿಗುಟಾಗುತ್ತದೆ. ಬೇಸಿಗೆಯಲ್ಲಿ ಪದರ ಬಿರುಕು ಬಿಡದಿರಲಿ ಅಂತ ನಾಲ್ಕು ಹನಿ ಗ್ಲಿಸರಿನ್ ಹಾಕುತ್ತಿದ್ದೆ. ಅದೇ ಅಭ್ಯಾಸದಲ್ಲಿ ಮಳೆಗಾಲದಲ್ಲೂ ಹಾಕಿದ್ದೆ. ಗ್ಲಿಸರಿನ್ ತಾನೂ ತೇವ ಎಳೆಯುತ್ತದೆ. ಎರಡೂ ಸೇರಿ ಬೆಳಿಗ್ಗೆ ಹೊತ್ತಿಗೆ ಹಣ್ಣಿಗೆ ಹಣ್ಣು ಕಚ್ಚಿಕೊಂಡಿತ್ತು.

ನಮ್ಮಲ್ಲಿ ತರಕಾರಿ ಹೆಚ್ಚುವ ಹುಡುಗಿ ಕರೆದಳು, "ಅಕ್ಕಾ, ಒಂದನ್ನ ಎತ್ತಿದ್ರೆ ನಾಲ್ಕು ಬರ್ತಾವೆ ನೋಡಿ." ಬಿಡಿಸಲು ಹೋದರೆ ಪಕ್ಕದ ಹಣ್ಣಿನ ಸಿಪ್ಪೆ ಸಣ್ಣದಾಗಿ ಕಿತ್ತು ಬರುತ್ತಿತ್ತು. ಬೂಷ್ಟಿಗೆ ಅಷ್ಟು ಗಾಯ ಸಾಕು.

ಅದಕ್ಕಿಂತ ದೊಡ್ಡ ತೊಂದರೆ ತೊಟ್ಟಿನ ಗುಳಿಯದ್ದು. ಅದ್ದಿ ತೆಗೆದ ಹಣ್ಣನ್ನು ತೊಟ್ಟು ಮೇಲೆ ಮಾಡಿ ಇಟ್ಟಿದ್ದೆ. ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಗುಳಿಯಲ್ಲೂ ಸಾಸಿವೆ ಕಾಳು ಮುಳುಗುವಷ್ಟು ಅಂಟಿನ ನೀರು ನಿಂತಿತ್ತು. ಮೇಲೆ ತೆಳು ಪದರ ಕಟ್ಟಿ, ಕೆಳಗೆ ಒದ್ದೆ ಹಾಗೇ. ಮೂರನೇ ದಿನ ಆ ಪದರದ ಅಡಿಯಲ್ಲಿ ಬಿಳಿ ಮಸುಕು. ನಾಲ್ಕನೇ ದಿನ ಪದರ ಒಡೆದು ನೂಲು ಹೊರಗೆ. ಅಂಟಿನಲ್ಲಿರುವುದೂ ಒಂದು ಬಗೆಯ ಸಕ್ಕರೆಯೇ, ಕಲಸಿಟ್ಟ ನೀರು ಎರಡು ದಿನಕ್ಕೆ ಹುಳಿಯಾಗುತ್ತದೆ. ಬಾಗಿಲಲ್ಲಿ ಕಾಯುತ್ತಿದ್ದ ಬೂಷ್ಟಿಗೆ ನಾನೇ ನೀರೂ ಊಟವೂ ಇಟ್ಟ ಹಾಗಾಯಿತು. ಏನೂ ಹಚ್ಚದ 25ರಲ್ಲಿ 15 ಕೆಟ್ಟರೆ, ಅಂಟಿಗೆ ಅದ್ದಿದ್ದರಲ್ಲಿ 12. ಆ ರಾತ್ರಿ ಅಂಟಿನ ಸಹವಾಸವೇ ಸಾಕು ಅನ್ನಿಸಿತ್ತು.

ಬಿಡಲು ಮನಸ್ಸು ಬರಲಿಲ್ಲ. ಮಾರನೇ ವಾರ ಅದ್ದುವುದು ನಿಲ್ಲಿಸಿದೆ. ಹಳೇ ಕಾಟನ್ ಸೀರೆಯ ತುಂಡನ್ನು ಅಂಟಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಹಣ್ಣನ್ನು ಅದರಲ್ಲಿ ಎರಡು ಸುತ್ತು ತಿರುಗಿಸಿದೆ, ಮೈಗೆ ಎಣ್ಣೆ ಸವರಿದ ಹಾಗೆ. ಆಮೇಲೆ ಒಣ ಬಟ್ಟೆಯ ಮೂಲೆಯನ್ನು ಕಿರುಬೆರಳಿಗೆ ಸುತ್ತಿ ಗುಳಿಯನ್ನು ಒಂದು ಸಲ ಒತ್ತಿ ತೆಗೆದೆ. ಗುಳಿಯಲ್ಲಿ ತೇವ ಉಳಿಯಬಾರದು, ಆದರೆ ಪದರ ಉಳಿಯಬೇಕು. ಹತ್ತು ಹಣ್ಣು ಮಾಡುವಷ್ಟರಲ್ಲಿ ಕೈಗೆ ಹದ ಸಿಗುತ್ತದೆ. ತೊಟ್ಟು ಕೆಳಗೆ ಮಾಡಿ ಬಿದಿರು ತಟ್ಟೆಯಲ್ಲಿ, ಒಂದಕ್ಕೊಂದು ತಾಗದ ಹಾಗೆ, ಫ್ಯಾನ್ ಕೆಳಗೆ ಎರಡು ಗಂಟೆ. ಬಿದಿರಿನ ಸಂದಿಯಿಂದ ಕೆಳಗಿನಿಂದಲೂ ಗಾಳಿ ಆಡುತ್ತದೆ. ಪೇಪರ್ ಹಾಸಬೇಡಿ, ಅಚ್ಚಿನ ಸಮೇತ ಅಂಟಿಕೊಳ್ಳುತ್ತದೆ. ಗ್ಲಿಸರಿನ್ ಬಿಟ್ಟೆ. ಒಣಗಿದ ಮೇಲೂ ಬಾಕ್ಸ್‌ನಲ್ಲಿ ಎರಡೇ ಸಾಲು, ನಡುವೆ ಒಣ ಹುಲ್ಲು. ಈ ಬಗೆಯಲ್ಲಿ 25ಕ್ಕೆ 5 ಕೆಟ್ಟವು.

ಚಕ್ಕೆ ಎಣ್ಣೆ ಸೇರಿಸಿದ್ದು ಆಮೇಲೆ. ಅದೇ ಮಲೇಷ್ಯಾದವರು ಬಾಳೆ ಮತ್ತು ಪರಂಗಿಗೆ ಶೇ. 10ರ ಗೋಂದಿನ ಜೊತೆ ಶೇ. 0.4ರಷ್ಟು ಚಕ್ಕೆ ಎಣ್ಣೆ ಹಾಕಿ ಬೂಷ್ಟು ತಡೆದಿದ್ದರು. ಲೀಟರಿಗೆ 4 ಮಿಲಿ. ಸುಮ್ನೆ ಸುರಿದರೆ ಎಣ್ಣೆ ನೀರಿಗೆ ಬೆರೆಯದೆ ಬೇರೆಯಾಗಿಯೇ ಉಳಿಯುತ್ತದೆ. ಹಾಗೆ ಬೆರೆಯದ ಎಣ್ಣೆ ನೇರವಾಗಿ ತಾಗಿದ ಕಡೆ ಸಿಪ್ಪೆ ಸುಟ್ಟು ಕಂದು ಚುಕ್ಕಿ ಬೀಳುತ್ತದೆ. ಆದರೆ ಅಂಟಿಗೆ ಎಣ್ಣೆ ನೀರು ಎರಡನ್ನೂ ಕೂಡಿಸುವ ಗುಣ ಇದೆ, ತಂಪು ಪಾನೀಯಗಳಲ್ಲೂ ಅರಬ್ ಗೋಂದನ್ನು ಇದಕ್ಕೇ ಹಾಕುವುದು. ಮಿಕ್ಸಿ ಜಾರಿಗೆ ಸ್ವಲ್ಪ ಅಂಟಿನ ನೀರು, ಅಷ್ಟೂ ಎಣ್ಣೆ ಹಾಕಿ ಒಂದು ನಿಮಿಷ ತಿರುಗಿಸಿದೆ. ಹಾಲಿನ ಹಾಗೆ ಬೆಳ್ಳಗಾಯಿತು! ಅದನ್ನು ಉಳಿದ ನೀರಿಗೆ ಬೆರೆಸಿದರೆ ಎಣ್ಣೆ ಬೇರೆಯಾಗಲಿಲ್ಲ. ಆ ಸಲ ಕೆಟ್ಟದ್ದು 3, ಕೈಟೋಸಾನ್ ಎಷ್ಟೋ ಅಷ್ಟೇ. ವಾಸನೆ ಇದೆ, ಸುಳ್ಳಲ್ಲ. ಬೆಚ್ಚಗಿನ ನೀರಲ್ಲಿ ತೊಳೆದರೆ ಬಹುಪಾಲು ಹೋಗುತ್ತದೆ, ಉಳಿದದ್ದು ಸಾರಿನ ಒಗ್ಗರಣೆಯಲ್ಲಿ ಮುಳುಗುತ್ತದೆ. ಹಸಿ ಕೋಸಂಬರಿಗೆ ಮಾತ್ರ ಆ ಹಣ್ಣು ಬೇಡ. ಹಾಗಾಗಿ ಮಳೆಗಾಲಕ್ಕಷ್ಟೇ ಚಕ್ಕೆ ಎಣ್ಣೆ, ಬೇಸಿಗೆಗೆ ಬರೀ ಅಂಟು.

ತೊಟ್ಟಿನ ಗಾಯಕ್ಕೆ ಕೊಬ್ಬರಿ ಎಣ್ಣೆ ಒತ್ತುವುದನ್ನೂ ನೋಡಿದೆ. ಸುಕ್ಕು ತಡವಾಯಿತು, ಬೂಷ್ಟಿಗೆ ಏನೂ ಆಗಲಿಲ್ಲ.

ದುಡ್ಡಿನ ಲೆಕ್ಕ. ನಾನು ಕೊಳ್ಳುವಾಗ ಅಂಟು 100 ಗ್ರಾಂಗೆ 60 ರೂಪಾಯಿ. ಬಟ್ಟೆಯಲ್ಲಿ ಸವರಿದರೆ ಒಂದು ಲೀಟರ್ ಎರಡು ಬಾಕ್ಸ್‌ಗೆ ಸಾಲುತ್ತದೆ, ಅಂದರೆ ಬಾಕ್ಸ್‌ಗೆ 30. ಒಬ್ಬರು ಕೂತರೆ ಬಾಕ್ಸ್‌ಗೆ ಒಂದು ಗಂಟೆ ಕೆಲಸ, ಅದಕ್ಕೆ 60 ಹಿಡಿದೆ. ಒಟ್ಟು 90. ಇದರಿಂದ ನನಗೆ ಬಾಕ್ಸ್‌ಗೆ ಮೂರು ಕೆಜಿಯಾದರೂ ಉಳಿಯುತ್ತದೆ. ಬಾಕ್ಸ್ 500 ರೂಪಾಯಿ ಇದ್ದರೆ ಆ ಮೂರು ಕೆಜಿಯ ಬೆಲೆ 100. ಅಲ್ಲಿಗೆ ಹೆಚ್ಚು ಕಮ್ಮಿ ಸರಿಸಮ. ಹಾಗಾಗಿ 500 ದಾಟಿದರೆ ಮಾತ್ರ ನಾನು ಅಂಟು ನೆನೆಹಾಕುವುದು. 200, 300 ಇದ್ದಾಗ ಎರಡು ದಿನಕ್ಕೊಮ್ಮೆ ಹೋಗಿ ತರುತ್ತೇನೆ. ಕೈಟೋಸಾನ್ ಖರ್ಚೂ ಹೆಚ್ಚು ಕಮ್ಮಿ ಇಷ್ಟೇ, ಅದು ದುಬಾರಿ ಅಂತ ಬಿಟ್ಟದ್ದಲ್ಲ. ಮಾಂಸಾಹಾರಿ ಹೋಟೆಲಿನವರು ಆಹಾರಕ್ಕೆ ಅಂತಲೇ ಮಾಡಿದ ಕೈಟೋಸಾನ್ ಸಿಕ್ಕಿದರೆ ಅದನ್ನೇ ನೋಡಬಹುದು, ಸೀಗಡಿ ಚಿಪ್ಪಿನದ್ದು ಅಂತ ಗಿರಾಕಿಗಳಿಗೆ ಹೇಳಿಯೇ ಬಳಸಬೇಕು. ಬೆಳೆದು ಮಾರುವವರು ಏನೇ ಹಚ್ಚುವ ಮುಂಚೆ ನಿಯಮ ಕೇಳಿಕೊಳ್ಳಿ. ನಾನು ಬರೆದಿರುವುದು ಸ್ವಂತ ಅಡುಗೆಗೆ ಇಟ್ಟುಕೊಳ್ಳುವ ಹಣ್ಣಿನ ಮಾತು.

ಯಾವುದನ್ನು ಹಚ್ಚಿದರೂ ಎರಡು ದಿನಕ್ಕೊಮ್ಮೆ ಬಾಕ್ಸ್ ಪೂರ್ತಿ ಕೈಯಾಡಿಸಿ ನೋಡಬೇಕು. ಒದ್ದೆ ಹಣ್ಣು ಸಿಕ್ಕರೆ ಅದನ್ನೂ, ಅದಕ್ಕೆ ತಾಗಿದ್ದನ್ನೂ ತೆಗೆದು, ತಾಗಿದ್ದನ್ನು ಅವತ್ತೇ ತೊಳೆದು ಬಳಸಬೇಕು.

ಈ ವಾರ ಬಾಕ್ಸ್ 640 ಆಗಿದೆ. ಮಂಡಿಯ ಅಣ್ಣ ನಾಳೆ ಬೆಳಿಗ್ಗೆ ನಾಲ್ಕು ಬಾಕ್ಸ್ ದೋರಗಾಯಿ ತೆಗೆದಿಡುತ್ತೇನೆ ಅಂದಿದ್ದಾರೆ. 200 ಗ್ರಾಂ ಅಂಟು ಕುಟ್ಟಿ ಈಗಷ್ಟೇ ನೆನೆಹಾಕಿ ಬಂದೆ.